ಅಮಾವಾಸ್ಯೆಯ ಪೂಜೆಗೆ ಆರಿಸಿದ ಕೆಂಪು ದೀಪ

ನನ್ನ ಅಲಕ್ಷ್ಯದಿಂದ ಒಂದು ಲಾರಿಯ ಇಂಜಿನ್ ಹಾಳಾಯಿತೆಂಬ ಮಾತು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಬಹಳ ದಿನ ಓಡಾಡಿತು. ಅದು ಸುಳ್ಳು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ವಿಜಾಪುರದ ಕಡೆಯಿಂದ ಬಂದ ನಾವು, ತಂಗಿಯ ಸಂಸಾರ ಮತ್ತು ನಾನು, ಕಲ್ಯಾಣದ ಒಂದು ಚಾಳಿನ ಸಾಲುಮನೆಗಳಲ್ಲಿದ್ದೆವು. ಲಾರಿ ನನ್ನ ತಂಗಿಯ ಗಂಡನದು. ಅದು ಮನೆಗೆ ಬಂದ ದಿನದಿಂದ ಓಡಿಸುತ್ತಿದ್ದವನು ನಾನು. ಕಳಂಬೋಲಿಯಲ್ಲಿ ಸರಳು ತುಂಬಿ ಘೋಡಬಂದರ್ ರಸ್ತೆಯ ಕಡೆಗೆ ಒಯ್ದು ಇಳಿಸುವುದು ನಮ್ಮ ಕೆಲಸ. ಅಷ್ಟು ವರ್ಷಗಳಲ್ಲಿ ನನ್ನ ಕೈಯಲ್ಲಿ ಗಾಡಿ ಕೆಟ್ಟು ದಾರಿಯಲ್ಲಿ ನಿಂತದ್ದಿಲ್ಲ. ಬೇರೆ ಆಸ್ತಿಯಿಲ್ಲದ ನನಗೆ ಆ ಹೆಸರೇ ಆಸ್ತಿಯಾಗಿತ್ತು.

ಮುಂದೆ ಹೋಗುವ ಲಾರಿಗಳ ಗುಡುಗು ಕೇಳಿ ತಂಗಿಯ ಗಂಡನಿಗೂ ಆಸೆ ಹುಟ್ಟಿತು. ಸೈಲೆನ್ಸರ್ ತೆಗೆದು ನೇರ ಪೈಪು ಹಾಕಿದರೆ ಗಾಡಿ ಏರಿನಲ್ಲಿ ಚೆನ್ನಾಗಿ ಎಳೆಯುತ್ತದೆಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ನಾನು ಬೇಡವೆಂದೆ. ಆತ ಕೇಳಲಿಲ್ಲ. ಕಳಂಬೋಲಿಯ ವೆಲ್ಡಿಂಗಿನವನು ಸೈಲೆನ್ಸರನ್ನು ಕತ್ತರಿಸಿ ಪಕ್ಕಕ್ಕೆಸೆದು, ಪೈಪನ್ನು ಬಗ್ಗಿಸಿ ಬೆಸೆದು, "ಆವಾಜ್ ಸುನ್ಕೆ ರಸ್ತಾ ಖಾಲಿ ಹೋಗಾ, ಸೇಠ್" ಎಂದ; ಸದ್ದು ಕೇಳಿಯೇ ದಾರಿ ತೆರವಾಗುತ್ತದಂತೆ. ಸೇಠ್ ಎನಿಸಿಕೊಂಡ ತಂಗಿಯ ಗಂಡನ ಮುಖ ಅರಳಿತು.

ಆ ಸಂಜೆ ನಾನೊಬ್ಬನೇ ಗಾಡಿ ತರುತ್ತಿದ್ದಾಗ ತುರ್ಭೆಯ ಹತ್ತಿರ ಮುಂದಿನ ಫಲಕದ ಕೆಂಪು ದೀಪ ಹೊತ್ತಿತು. ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಇಳಿದಾಗ ಮಾತ್ರ ಹೊತ್ತಬೇಕಾದ ದೀಪ ಅದು. ತಕ್ಷಣ ಇಂಜಿನ್ ಬಂದ್ ಮಾಡಿದೆ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ, ಎಣ್ಣೆ ಸರಿಯಿತ್ತು. ಪರಿಚಯದ ಮೇಸ್ತ್ರಿಯನ್ನು ಕರೆತಂದು, ಇಂಜಿನ್ನಿನ ಮೈಮೇಲಿರುವ ಆ ದೀಪದ ಸ್ವಿಚ್ಚು ಬಿಚ್ಚಿ ಅಲ್ಲಿ ಅವನ ಒತ್ತಡದ ಮಾಪಕ ಕೂಡಿಸಿ ಇಂಜಿನ್ ಚಾಲೂ ಮಾಡಿದೆ. ಮುಳ್ಳು ನಿಲ್ಲಬೇಕಾದಲ್ಲಿಯೇ ನಿಂತಿತು. ಇಂಜಿನ್ ಆರೋಗ್ಯವಾಗಿದೆ, ದೀಪ ಸುಳ್ಳು ಹೇಳುತ್ತಿದೆ ಎಂದಾಯಿತು. ಸ್ವಿಚ್ಚನ್ನು ಮತ್ತೆ ಹಾಕಿ, ಅದರ ವೈರನ್ನು ಬೆರಳಿನಲ್ಲಿ ಹಿಡಿದು ತಡವುತ್ತ ಹೋದೆ. ಹೊಸ ಪೈಪು ಹಾದುಹೋಗುವಲ್ಲಿ ಅದರ ಕಾವಿಗೆ ವೈರಿನ ಹೊದಿಕೆ ಕರಗಿ, ಒಳಗಿನ ತಾಮ್ರ ಗಾಡಿಯ ಚಾಸಿಗೆ ತಾಗಿ ದೀಪ ಹೊತ್ತಿಸುತ್ತಿತ್ತು. ಅದಕ್ಕಿಂತ ಕೆಟ್ಟದ್ದೂ ಕಂಡಿತು: ಆಧಾರವಿಲ್ಲದೆ ಅಲುಗುವ ಆ ಪೈಪು, ಎಣ್ಣೆ ಹರಿಯುವ ಸಣ್ಣ ನಳಿಕೆಯನ್ನು ಉಜ್ಜುತ್ತಿತ್ತು. ಹೊಸ ವೈರು ಬೇರೆ ದಾರಿಯಲ್ಲಿ ಎಳೆಯಬೇಕು, ಪೈಪಿಗೆ ಒಂದು ಪಟ್ಟಿ ಬಿಗಿಯಬೇಕು. ಅರ್ಧ ದಿನದ ಕೆಲಸ. ಸದ್ಯಕ್ಕೆ ಪೈಪನ್ನು ತಂತಿಯಿಂದ ಆಚೆಗೆ ಎಳೆದು ಕಟ್ಟಿ, ನಿಧಾನವಾಗಿ ಕಲ್ಯಾಣ ಮುಟ್ಟಿದೆ.

ಮರುದಿನ ಅಮಾವಾಸ್ಯೆ. ನಮ್ಮ ಕಡೆಯವರು ಅಂದು ಗಾಡಿ ತೊಳೆದು ಪೂಜೆ ಮಾಡುತ್ತಾರೆ. ಪೂಜೆಯಾದ ಗಾಡಿ ಒಂದು ಲೋಡು ಹೊಡೆದು ಬರುವ ತನಕ ಅದಕ್ಕೆ ಪಾನಾ-ಸ್ಪ್ಯಾನರ್ ಮುಟ್ಟಿಸುವಂತಿಲ್ಲ. ಆದ್ದರಿಂದ ಪೂಜೆಗೆ ಮುಂಚೆಯೇ ದುರಸ್ತಿ ಮುಗಿಸಬೇಕೆಂದು ಬೆಳಗಾಗುತ್ತಲೇ ಗಾಡಿಯ ಕೆಳಗೆ ಹೊಕ್ಕಿದ್ದೆ. ತಂಗಿ ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚಾಳಿನ ಹಮಾಲರೆಲ್ಲ ಸುತ್ತ ಸೇರಿದ್ದರು.

"ಏನ್ ಮಾವಾರ, ಗಾಡೀ ನಾಡಿ ಹಿಡದು ಕುಂತೀರಿ? ಡ್ರೈವರ್ ಬಿಟ್ಟು ಡಾಕ್ಟರ್ ಆಗಬೇಕಿತ್ತು ನೀವು," ಎಂದ ತಂಗಿಯ ಗಂಡ. ಹಮಾಲರು ನಕ್ಕರು.

"ಅರ್ಧಾ ದಿನಾ ಕೊಡ್ರಿ. ವೈರ್ ಸುಟ್ಟದ. ಪೈಪು ಎಣ್ಣೀ ನಳಿಗಿ ತಿಕ್ಕಾಕತ್ತದ. ಹರೀತಂದ್ರ ಇಂಜಿನ್ ಹೋತು," ಎಂದೆ.

"ಅಲ್ಲಿ ಪಾರ್ಟಿ ಕಾಯಾಕತ್ತದ. ಲೇಟ್ ಆದ್ರ ಲೋಡ್ ಬ್ಯಾರೆಯವ್ರಿಗೆ ಹೋಗ್ತದ. ಮ್ಯಾಲ ಪೂಜಾ ಟೈಮಿಗೆ ಈ ಕೆಂಪು ದೀಪ ಕಣ್ಣಾಗ ಕಣ್ಣಿಟ್ಟು ನೋಡಾಕತ್ರ ಮಂದಿ ಏನಂದಾರು? ಅಪಶಕುನ!"

ಆತ ಬಗ್ಗಿ, ನನ್ನ ಕೈಯನ್ನು ಸರಿಸಿ, ಸುಟ್ಟ ಜಾಗಕ್ಕಿಂತ ಮೇಲೆ, ದೀಪಕ್ಕೆ ಹೋಗುವ ವೈರನ್ನೇ ಕಿತ್ತುಬಿಟ್ಟ. ದೀಪ ಆರಿತು. ಪೈಪಿಗೆ ನಾನು ಕಟ್ಟಿದ್ದ ತಂತಿಯನ್ನೂ ಅಸಹ್ಯವಾಗಿ ಕಾಣುತ್ತದೆಂದು ಬಿಚ್ಚಿ ಎಸೆದ. "ಸ್ಟೇರಿಂಗ್ ಹಿಡೀರಿ, ಶಾಣ್ಯಾತನ ಸಾಕು," ಎಂದ. ಅಷ್ಟು ಜನರೆದುರಿಗೆ. ತಂಗಿ ಎಲ್ಲವನ್ನೂ ನೋಡಿದಳು. ಆಮೇಲೆ ಗಾಡಿಗೆ ಆರತಿ ಬೆಳಗಿದಳು, ಕಾಯಿ ಒಡೆಯಿತು, ನಾನು ಹೊರಟೆ.

ಕಳಂಬೋಲಿಯಲ್ಲಿ ಸರಳು ತುಂಬುವಾಗ ಬಗ್ಗಿ ನೋಡಿದೆ. ನಳಿಕೆ ಒಣಗಿಯೇ ಇತ್ತು; ಪೂಜೆಯಾದ ಗಾಡಿಗೆ ದುರಸ್ತಿಯ ಕೈ ಹಚ್ಚುವಂತಿರಲಿಲ್ಲ. ಠಾಣೆ ಊರು ದಾಟಿ ಗಾಯಮುಖದ ಏರಿನಲ್ಲಿ ಆ ನಳಿಕೆ ಹರಿದುಹೋಯಿತು. ಎಂದಿನ ಇಂಜಿನ್ನಾಗಿದ್ದರೆ ಒಳಗಿನ ಮೊದಲ ಟಕಟಕ ಶಬ್ದಕ್ಕೇ ನಾನು ನಿಲ್ಲಿಸುತ್ತಿದ್ದೆ. ಆದರೆ ಆ ನೇರ ಪೈಪಿನ ಅಬ್ಬರದಲ್ಲಿ ಬೇರೇನೂ ಕೇಳುವಂತಿರಲಿಲ್ಲ. ಕಣ್ಣಿಗೆ ತೋರಿಸಬೇಕಾದ ದೀಪದ ವೈರನ್ನು ಕಿತ್ತಾಗಿತ್ತು. ಇಂಜಿನ್ ಒಮ್ಮೆ ನರಳಿ ಕಚ್ಚಿಕೊಂಡು ನಿಂತಿತು. ಕೆಳಗಿಳಿದು ನೋಡಿದರೆ ಹಿಂದಿನ ರಸ್ತೆಯುದ್ದಕ್ಕೂ ಎಣ್ಣೆಯ ಕಪ್ಪು ಗೆರೆ.

ಗಾಡಿಯನ್ನು ಎಳೆಸಿ ತಂದ ದಿನ ಚಾಳಿನ ಅದೇ ಮಂದಿ ಸೇರಿದ್ದರು. "ಎಣ್ಣೀ ನೋಡದ ಗಾಡೀ ಹೊಡದು ಇಂಜಿನ್ ತಿಂದಾನ," ಎಂದು ತಂಗಿಯ ಗಂಡ ಎಲ್ಲರಿಗೂ ಕೇಳುವಂತೆ ಹೇಳಿದ. ಅಂದು ನಕ್ಕಿದ್ದ ಹಮಾಲರು ಈಗ ನೆಲ ನೋಡಿದರು. ಅವರ ಅನ್ನ ಆತನ ಲೋಡಿನಲ್ಲಿತ್ತು. ಅವರನ್ನು ನಾನು ಕೇಳಲಿಲ್ಲ. ತಂಗಿಯ ಕಡೆಗೆ ತಿರುಗಿದೆ.

"ಯವ್ವಾ, ನೀ ಅಲ್ಲೇ ನಿಂತಿದ್ದಿ. ನಾ ಏನಂದೆ, ಅಷ್ಟು ಹೇಳು."

ಆಕೆ ಗಂಡನ ಮುಖ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನನಗ ಗಾಡೀದು ಏನ್ ತಿಳೀತದ, ಅಣ್ಣಾ?"

ವೈರು ಕಿತ್ತವನ ಮೇಲೆ ನನಗೆ ಸಿಟ್ಟು ಬಂತು, ಹೋಯಿತು. ಈ ಮಾತು ಹೋಗಲಿಲ್ಲ. ಅಂದೇ ಗಾಡಿಯ ಚಾವಿ ಕಟ್ಟೆಯ ಮೇಲಿಟ್ಟೆ. ಇಂಜಿನ್ ತಿಂದವನಿಗೆ ಬೇರೆ ಯಾವ ಮಾಲೀಕನೂ ಗಾಡಿ ಕೊಡಲಿಲ್ಲ. ತುರ್ಭೆಯ ಒಂದು ಗೋದಾಮಿನಲ್ಲಿ ಕಾವಲಿಗೆ ಸೇರಿದೆ.

ನಾಗರಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಪದ್ಧತಿ. ಆ ವರ್ಷ ನಾನು ಹೋಗಲಿಲ್ಲ. ಆಕೆ ಮಕ್ಕಳಿಗೆ ಹೊಸ ಅಂಗಿ ತೊಡಿಸಿ ಸಂಜೆಯ ತನಕ ಕಟ್ಟೆಯ ಮೇಲೆ ಕುಳಿತಿದ್ದಳೆಂದು ಚಾಳಿನವರೊಬ್ಬರು ಹೇಳಿದರು. ಮರುದಿನ ಅವರ ಕೈಯಲ್ಲಿಯೇ ಒಂದು ಡಬ್ಬಿ ತುಂಬ ಶೇಂಗಾ ಉಂಡಿ ಕಳಿಸಿದಳು. "ಏನಾದರೂ ಹೇಳಿದಳೇ?" ಎಂದು ಕೇಳಿದೆ. ಏನೂ ಹೇಳಿರಲಿಲ್ಲ. ತಂಗಿಯ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು. ಕುಬಸ ಹೊಲಿಸುವ ಕಣದ ಬಟ್ಟೆಯನ್ನೋ, ಒಂದು ಹಿಡಿ ಸಕ್ಕರೆಯನ್ನೋ ಹಾಕಿ ಕೊಡಬೇಕು. ನಾನು ಉಂಡಿಯನ್ನು ಗೋದಾಮಿನವರಿಗೆ ಹಂಚಿ, ಡಬ್ಬಿಯನ್ನು ತೊಳೆದು ಒರೆಸಿ, ಬರಿದೇ ಕಳಿಸಿದೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು. ಅದರ ಬದಲಿಗೆ ಬಂದದ್ದನ್ನು ನಾನು ಸ್ವೀಕರಿಸಬೇಕಿತ್ತೆಂದು ಈಗಲೂ ಒಪ್ಪುವುದಿಲ್ಲ.

ಮುಂದಿನ ಪಂಚಮಿಗೆ ಡಬ್ಬಿ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಆಕೆ ಕಲ್ಯಾಣದಲ್ಲಿಯೇ ಇದ್ದಳು, ನಾನು ತುರ್ಭೆಯಲ್ಲಿ. ಹಬ್ಬದ ದಿನ ರಜೆ ತೆಗೆದುಕೊಳ್ಳದೆ, ಗೋದಾಮಿನ ಗೇಟಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ರಸ್ತೆಯಲ್ಲಿ ಬರುವವರ ಕೈಗಳನ್ನು ನೋಡುತ್ತಿದ್ದೆ.