ಹಿಂದಕ್ಕೆ ಹೋಗುವ ಬೆರಳು

ಏನೇ ಓದಲಿ, ಮೇಡಂ ಅವರ ಬಲಗೈ ತೋರುಬೆರಳು ಸಾಲಿನ ಕೆಳಗೆ ಓಡುತ್ತಿತ್ತು. ಉಗುರಿನ ಅಂಚಿನಲ್ಲಿ ಸದಾ ಸೀಮೆಸುಣ್ಣ. ಬೆರಳು ಗಕ್ಕನೆ ನಿಂತರೆ ಆ ಸಾಲು ಅರ್ಥವಾಗಿಲ್ಲವೆಂದೇ ತಿಳಿಯಬೇಕು. ಹಿಂದಕ್ಕೆ ಬಂದು ಮತ್ತೆ ಹೊರಡುತ್ತಿತ್ತು. ನನ್ನ ಅಂಗಡಿಯ ದರಪಟ್ಟಿಯನ್ನೂ ಹೀಗೇ ಓದಿದರು. ಇಂಥ ಗಿರಾಕಿಯ ಹತ್ತಿರ ನಮ್ಮ ಆಟ ನಡೆಯದು ಎಂದು ಅಂದೇ ಗೊತ್ತಾಯಿತು.

ಮೆಟ್ರೊಗಾಗಿ ವಿಜಯನಗರದ ರಸ್ತೆ ಅಗೆಯುವುದಕ್ಕೆ ಮುಂಚಿನ ಮಾತು. ಮಾರೇನಹಳ್ಳಿಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಅವರು ಕೆಂಗೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಜೊತೆಗೇ ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ವಿಜ್ಞಾನದ ಪಾಠವನ್ನು ತಾನು ಹೇಗೆ ಓದುತ್ತಿದ್ದೇನೆ ಎಂಬುದು ಮಗುವಿಗೆ ಎಷ್ಟು ಗೊತ್ತಿರುತ್ತದೆ, ಅದನ್ನು ಅಳೆಯುವುದು ಅವರ ಕೆಲಸ. ಅದನ್ನೂ ಅಳೆಯುತ್ತಾರಾ ಎಂದು ಕೇಳಿದ್ದೆ. "ಜ್ವರ ಅಳೆಯಲ್ವಾ ಇವ್ರೇ, ಹಂಗೇ" ಎಂದರು. ಅವರಿಗೆ ಎಲ್ಲ ಅಂಗಡಿಯವರೂ 'ಇವ್ರೇ'.

ಪ್ರಶ್ನಾವಳಿ ಟೈಪ್ ಮಾಡಿದ್ದು ನಾನೇ. 'ಪಾಠ ಅರ್ಥವಾಗದಿದ್ದರೆ ಹಿಂದಕ್ಕೆ ಹೋಗುತ್ತೇನೆ' ಎಂಬುದು ಅದರಲ್ಲೊಂದು ವಾಕ್ಯ. ಎದುರಿಗೆ ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ ಎಂಬ ಚೌಕಗಳು. ಹಲವು ಶಾಲೆಗಳ ಮಕ್ಕಳು ಗುರುತು ಹಾಕಿಯಾಗಿ, ಪ್ರಬಂಧ ಬೈಂಡಿಂಗಿಗೂ ಬಂತು. ಒಂದೇ ಒಗಟು: ಅರ್ಥವಾಗದ ಸಾಲನ್ನು ತಿರುಗಿ ಓದುವವರೆಂದು ಮೇಡಂ ನಂಬಿದ್ದ, ಚೆನ್ನಾಗಿ ಓದುವ ಮಕ್ಕಳೇ ಆ ವಾಕ್ಯಕ್ಕೆ 'ಎಂದೂ ಇಲ್ಲ' ಎಂದಿದ್ದರು.

ಸ್ಕೂಲಿಂದ ಬಂದು ಸ್ಟೂಲಿನ ಮೇಲೆ ಕೂತಿದ್ದ, ಎಂಟನೇ ಕ್ಲಾಸಿನ ನನ್ನ ಮಗಳು ಅದನ್ನು ಓದಿ ನಕ್ಕಳು. "ಯಾರ್ ಆಂಟಿ ತಾವಾಗೇ ಹಿಂದಕ್ಕೆ ಹೋಗ್ತಾರೆ? ಅರ್ಥ ಆಗ್ದೇ ಇರೋರ್ನ ಮಿಸ್ಸೇ ಲಾಸ್ಟ್ ಬೆಂಚಿಗೆ ಕಳಿಸ್ತಾರೆ."

ಮೇಡಂ ಬೆರಳು ನಿಂತಿತು. "ನೀನೆಲ್ಲಿ ಕೂರೋದು ಪುಟ್ಟಿ?"

"ಹಿಂದೆ."

ನನಗೂ ಅದು ತಿಳಿದದ್ದು ಆಗಲೇ.

ಪ್ರಬಂಧ ಕೊಡಲು ಆ ವಾರವೇ ಗಡುವು. ತಪ್ಪಿದರೆ, ಅವರು ಆಸೆಪಟ್ಟಿದ್ದ ಕಾಲೇಜಿನ ಕೆಲಸವೂ ತಪ್ಪುತ್ತಿತ್ತು. ಆ ಒಂದು ವಾಕ್ಯ ಕಿತ್ತುಹಾಕಿ ಮುಗಿಸಿಬಿಡಿ ಎಂದು ಬುದ್ಧಿ ಹೇಳಿದೆ. ವ್ಯಾಪಾರ ಬಲ್ಲವನು ಹೇಳುವುದೇ ಅದು. ಅವರು ಒಪ್ಪಲಿಲ್ಲ.

"ಮಕ್ಕಳು ಸರಿಯಾಗೇ ಓದಿದಾರೆ ಇವ್ರೇ. ಬರೆದ ನಾನೇ ಓದ್ಲಿಲ್ಲ. ಇನ್ನೂ ಯಾವ್ಯಾವ ವಾಕ್ಯ ಹಿಂಗಿದೆಯೋ."

ಕಾಲೇಜಿನ ಕೆಲಸ ಬೇರೆಯವರ ಪಾಲಾಯಿತು. ಮೇಡಂ ಮತ್ತೆ ಸ್ಕೂಲಿಂದ ಸ್ಕೂಲಿಗೆ ಅಲೆದರು. ಈ ಸಲ ಮೊದಲು ಪ್ರತಿ ವಾಕ್ಯವನ್ನೂ ಮಕ್ಕಳಿಂದ ಓದಿಸಿ, ತಿಳಿದದ್ದನ್ನು ಅವರ ಮಾತಿನಲ್ಲೇ ಹೇಳಿಸಿ, ಪದ ತಿದ್ದಿಕೊಂಡರು. ಶುರುವಾದದ್ದು ನನ್ನ ಮಗಳಿಂದ, ಅದೇ ಸ್ಟೂಲಿನ ಮೇಲೆ. ಅವಳ ವಿಜ್ಞಾನದ ಪಾಠವನ್ನೂ ಹಾಗೇ ಓದಿಸಿದರು. ಆ ವರ್ಷ ಅವಳ ಬೆಂಚೇನೂ ಬದಲಾಗಲಿಲ್ಲ. ಆದರೆ ಹಿಂದಿನ ಬೆಂಚಿಂದಲೇ ಕೈಯೆತ್ತಿ ಪ್ರಶ್ನೆ ಕೇಳತೊಡಗಿದಳು.

ನನಗೂ ಒಂದು ಮಾತು ಹೇಳಿಕೊಟ್ಟರು: "ಅರ್ಥ ಆಯ್ತಾ ಅಂತ ಕೇಳ್ಬೇಡಿ. ಏನ್ ಅರ್ಥ ಆಯ್ತು ಅಂತ ಕೇಳಿ." ವ್ಯಾಪಾರ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ. 'ಆಯ್ತು, ಆಯ್ತು' ಎಂದು ಬೇಗ ತಲೆಯಾಡಿಸುವ ಗಿರಾಕಿಯೇ ನಾಳೆ ಜಗಳಕ್ಕೆ ಬರುವವನು.

ಡಾಕ್ಟರೇಟ್ ತಡವಾಗಿ ಬಂತು. ಕೆಂಗೇರಿಯ ಟೀಚರಾಗಿಯೇ ನಿವೃತ್ತರಾದರು. ಈಗ ಅವರಿಲ್ಲ. ಮೊನ್ನೆ ಹೊಸ ಮಳಿಗೆಯ ಬಾಡಿಗೆ ಕರಾರು ಓದುತ್ತಿದ್ದಾಗ ನನ್ನ ಬೆರಳು ನಿಂತಿತು. ಮಾಲೀಕರಿಗೆ ಗಾಬರಿ.

"ಏನ್ ಸಾರ್, ಮಾತಾದ್ಮೇಲೆ ಹಿಂದಕ್ಕೆ ಹೋಗ್ತಾ ಇದೀರಾ?"

"ಒಂದೇ ಒಂದು ಸಾಲು" ಎಂದೆ.