ದೂರದ ಕೋರ್ಟುಗಳ ಪಂಡಿತ
ಮಹಾಬಲೇಶ್ವರ ಅಮೆರಿಕಕ್ಕೆ ಒಮ್ಮೆಯೂ ಹೋದವನಲ್ಲ; ಆದರೆ ಸಿಂಗಪುರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೂತು ಅಮೆರಿಕದ ರಾಜ್ಯಗಳಿಗೂ ಕೇಂದ್ರಕ್ಕೂ ನಡೆಯುವ ಜಗಳದ ಬಗ್ಗೆ ವರದಿ ಬರೆಯುವುದೇ ಅವನ ಕೆಲಸ. ಮನೆಯಿರುವ ಸೆಂಗ್‌ಕಾಂಗ್ ಬಡಾವಣೆಯ ಹಾಕರ್ ಸೆಂಟರಿನಲ್ಲಿ, ಸಾಲು ತಿಂಡಿ ಅಂಗಡಿಗಳ ನಡುವೆ, ಕಾಫಿ ಮುಂದೆ ಬಂದರೆ ಸಾಕು, "ರಾಜ್ಯದ ವಿಷಯಕ್ಕೆ ವಾಷಿಂಗ್ಟನ್ ಯಾಕ್ರೀ ಮೂಗು ತೂರಿಸ್ಬೇಕು? ಕೋರ್ಟಿಗೆ ಎಳೀಬೇಕು!" ಎಂದು ಮೇಜು ಗುದ್ದುತ್ತಾನೆ, ಪಕ್ಕದವರ ನೂಡಲ್ಸೂ ಬೆಚ್ಚಿಬೀಳುತ್ತದೆ. ಮನೆಯಲ್ಲೂ ಅಷ್ಟೇ, ಅಡುಗೆಮನೆ ಹೆಂಡತಿ ನಳಿನಿಯ ರಾಜ್ಯ, ಎಸಿ ರಿಮೋಟ್ ಮಾತ್ರ ಕೇಂದ್ರದ್ದು, ಅಂದರೆ ಅವನದ್ದು. ಈ ವಾರ ಫೋನ್ ಗುಂಯ್‌ಗುಟ್ಟಿದರೆ ಅವನ ಕಾಫಿ ಚೆಲ್ಲುತ್ತದೆ. ಇಲ್ಲಿ ಕೆಲಸ ಮಾಡಲು ಸಿಂಗಪುರ ಸರ್ಕಾರ ಕೊಡುವ ವರ್ಕ್ ಪಾಸ್ ಇನ್ನೂ ರಿನ್ಯೂ ಆಗಿಲ್ಲ. ಇವತ್ತು ಅದೇ ಮೇಜಿನಲ್ಲಿ ಮಗಳು ಇಶಿತಾ, "ಅಪ್ಪಾ, ಪಾಸ್ ಸಿಗ್ಲಿಲ್ಲಾಂದ್ರೆ ನೀನು ಯಾರನ್ನ ಕೋರ್ಟಿಗೆ ಎಳೀತೀಯ?" ಅಂದಳು. ಮೇಜು ಗುದ್ದುವ ಕೈಯಿಂದಲೇ ಅವಳ ಬಾಯಿ ಮುಚ್ಚಿ, ಸುತ್ತಲೂ ನೋಡಿ ಪಿಸುಗುಟ್ಟಿದ: "ಮೆಲ್ಲಗೆ, ಪುಟ್ಟಾ."