ಫೋನಕ್ಕ ಕೌಂಟರಿಗೆ ಬಂದದ್ದು

ಊರಿನಲ್ಲಿ ಅರ್ಧ ಜನಕ್ಕೆ ಅವಳ ದನಿ ಗೊತ್ತಿತ್ತು. ಆ ದನಿಯ ಮುಖ ಯಾವುದೆಂದು ಗೊತ್ತಿದ್ದವರು ಬೆರಳೆಣಿಕೆಯಷ್ಟು. ಬೀದಿಯವರು ಅವಳನ್ನು ಫೋನಕ್ಕ ಎಂದು ಕರೆಯುತ್ತಿದ್ದರು. ಹಾಗೆ ಕರೆದವರ ಹತ್ತಿರ ಅವಳು ನಿಂತು ನಾಲ್ಕು ಮಾತಾಡಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ. ನಕ್ಕು, ತಲೆಯಾಡಿಸಿ, ಕೈಚೀಲ ಭುಜಕ್ಕೇರಿಸಿ ಹೊರಟೇಬಿಡುವಳು. ಗೊತ್ತಿಲ್ಲದವರು ಜಂಬ ಅಂದುಕೊಂಡರು. ಜಂಬವೂ ಅಲ್ಲ, ಮಣ್ಣೂ ಅಲ್ಲ. ಫೋನಕ್ಕನಿಗೆ ಉಗ್ಗು ಇತ್ತು.

ಅಂಗಡಿಯವನ ಮುಂದೆ ನಿಂತು ಸಕ್ಕರೆ ಕೇಳಲು ಹೊರಟರೆ ಮೊದಲ ಅಕ್ಷರವೇ ಗಂಟಲಲ್ಲಿ ಗೂಟ ಹೊಡೆದುಕೊಂಡು ಕೂತುಬಿಡುತ್ತಿತ್ತು. ಅಂಗಡಿಯವನು ಪಾಪ, ಒಳ್ಳೆಯ ಮನುಷ್ಯ. "ಸಾಬೂನಾ ತಾಯಿ?" ಎಂದು ತಾನೇ ಊಹಿಸುವನು. ಅವಳು ಸೋತು ಹೂಂ ಎಂದು ಸಾಬೂನನ್ನೇ ಹಿಡಿದುಕೊಂಡು ಮನೆಗೆ ಬರುವಳು. ಮದುವೆಯಾದ ಹೊಸದರಲ್ಲಿ ಅವರ ಮನೆಯಲ್ಲಿ ಚಹಾ ಸಪ್ಪೆಯಾಗಿರುತ್ತಿತ್ತು, ಬಟ್ಟೆ ಮಾತ್ರ ಫಳಫಳ.

ಇದೇ ಹೆಂಗಸು ಟೆಲಿಫೋನ್ ಎಕ್ಸ್‌ಚೇಂಜಿನ ಮಹಡಿ ಹತ್ತಿ, ತನ್ನ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಸೆಟ್ ಏರಿಸಿದಳೆಂದರೆ ಮಾತು ನೀರು ಹರಿದಂತೆ ಹರಿಯುತ್ತಿತ್ತು. "ನಂಬರ್ ಪ್ಲೀಸ್. ಲೈನಲ್ಲೇ ಇರಿ. ಹಾಂ, ಮಾತಾಡಿ." ಅಲ್ಲಿ ಅವಳ ಬಾಯನ್ನೇ ನೋಡುತ್ತ ಕಾಯುವ ಕಣ್ಣುಗಳಿರಲಿಲ್ಲ. ಎದುರಿಗಿದ್ದದ್ದು ಸಾಲುಸಾಲು ತೂತುಗಳ ಬೋರ್ಡು, ಕರೆ ಬಂದಾಗ ಹತ್ತುವ ಪುಟ್ಟ ಪುಟ್ಟ ದೀಪಗಳು, ಕೈಗೆಟಕುವಂತೆ ನಿಂತ ವೈರುಗಳು. ದೀಪ ಹತ್ತಿದ ತೂತಿಗೆ ವೈರಿನ ಒಂದು ತುದಿ, ಕೇಳಿದ ನಂಬರಿನ ತೂತಿಗೆ ಇನ್ನೊಂದು ತುದಿ. ಅಷ್ಟಾದರೆ ಎರಡು ಮನೆಗಳು ಮಾತಾಡಿಕೊಳ್ಳುತ್ತಿದ್ದವು. ದೂರದ ಊರಿನ ಟ್ರಂಕ್ ಕಾಲ್ ಆದರೆ ನಡುವೆ ಬಾಯಿ ಹಾಕಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಬೇಕು. ಆ ಕಡೆಯವರು ಅಳುತ್ತಿದ್ದರೂ ಕೇಳಬೇಕು, ಈ ಕಡೆಯವರು ಪ್ರೀತಿಯ ಮಾತಾಡುತ್ತಿದ್ದರೂ ಕೇಳಬೇಕು. ಮಿಕ್ಕಂತೆ ಬೇರೆಯವರ ಮಾತಿಗೆ ಕಿವಿಗೊಡಬಾರದು ಎಂಬುದು ನಿಯಮ. ಇಡೀ ದಿನ ಕಿವಿಗೆ ಯಂತ್ರ ಕಟ್ಟಿ ಕೂರಿಸಿ, ಕೇಳಬೇಡಿ ಅಂದ ಮಹಾನುಭಾವ ಯಾರೋ, ಅವನಿಗೆ ದೊಡ್ಡ ನಮಸ್ಕಾರ.

ಎಂಥ ಕೋಣೆ ಅದು! ಎತ್ತರದ ಕಿಟಕಿಗಳು, ಬಿಸಿಯಾದ ರಬ್ಬರಿನ ವಾಸನೆ, ಎತ್ತರಿಸಿ ಇಳಿಸಬಹುದಾದ ಕುರ್ಚಿಗಳಲ್ಲಿ ಸಾಲಾಗಿ ಕೂತ ಹೆಂಗಸರು. ಎಲ್ಲರೂ ಒಟ್ಟಿಗೆ, ಆದರೆ ಮೆಲ್ಲಗೆ ಮಾತಾಡುತ್ತಿದ್ದುದರಿಂದ ಮೆಟ್ಟಿಲ ಮೇಲೆ ನಿಂತವರಿಗೆ ಒಳಗೊಂದು ಜೇನುಗೂಡು ಇದ್ದ ಹಾಗೆ ಕೇಳುತ್ತಿತ್ತು. ಪರೀಕ್ಷೆಯ ಫಲಿತಾಂಶ ಬಂದ ದಿನ ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಳ್ಳುವವು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ತಂದೆ ಹೋದರು ಎಂಬುದು ಮನೆಯವರಿಗಿಂತ ಅರೆಗಳಿಗೆ ಮೊದಲೇ ಆ ಕೋಣೆಗೆ ಗೊತ್ತು. ಸಂಜೆ ಮನೆಗೆ ಬಂದರೂ ಫೋನಕ್ಕನ ಬೆರಳುಗಳಲ್ಲಿ ಹಿತ್ತಾಳೆಯ ವಾಸನೆ ಇರುತ್ತಿತ್ತು. ದರ್ಜಿಯಾಗಿದ್ದ ಅವಳ ಗಂಡ, "ನಿನ್ನ ಕೈಯಲ್ಲಿ ಊರೆಲ್ಲಾ ವಾಸನೆ ಹೊಡೀತದೆ" ಎಂದು ನಗುತ್ತಿದ್ದ.

ಅವಳ ಪಕ್ಕದ ಕುರ್ಚಿಯವಳ ಅಡ್ಡಹೆಸರು ರೇಡಿಯೋ. ಯಾಕೆಂದು ಹೇಳಬೇಕಾಗಿಲ್ಲ, ಹಚ್ಚಿದರೆ ಆರಿಸುವ ಗುಂಡಿಯೇ ಇರಲಿಲ್ಲ. ಮದುವೆಯಾಗದೆ ಅಣ್ಣನ ಮನೆಯಲ್ಲಿದ್ದವಳು. ಇಬ್ಬರೂ ಕೆಲಸಕ್ಕೆ ಸೇರಿದ ವರ್ಷದಿಂದ ಫೋನಕ್ಕನ ಬಾಯಿ ಅವಳೇ. ಮೇಲಧಿಕಾರಿಯ ಮುಂದೆ, ಕ್ಯಾಂಟೀನಿನಲ್ಲಿ, ಕೊನೆಗೆ ಡಾಕ್ಟರ ಹತ್ತಿರವೂ ರೇಡಿಯೋ ಮಾತಾಡುವುದು, ಫೋನಕ್ಕ ತಲೆಯಾಡಿಸುವುದು. "ಇವಳಿಗೆ ನಾಳೆ ರಜ ಬೇಕು ಸಾರ್, ಅತ್ತೆಗೆ ಮೈ ಹುಷಾರಿಲ್ಲ." ತನಗೆ ರಜ ಬೇಕಾಗಿದೆ ಎಂದು ಎಷ್ಟೋ ಸಲ ಫೋನಕ್ಕನಿಗೂ ಆಗಲೇ ಗೊತ್ತಾಗುತ್ತಿತ್ತು. ಉಗ್ಗು ಶುರುವಾಗುವ ಮೊದಲೇ ಗುರುತಿಸಿ ಮಾತನ್ನು ಎತ್ತಿಕೊಳ್ಳುವ ಚಾಕಚಕ್ಯತೆ ರೇಡಿಯೋಗಿತ್ತು. ಅದರಲ್ಲಿ ಕನಿಕರ ಇರಲಿಲ್ಲ. ಪಕ್ಕದವಳ ಬೋರ್ಡಿನಲ್ಲಿ ದೀಪ ಹೆಚ್ಚಾದರೆ ಕೈ ಚಾಚಿ ಒಂದೆರಡು ಕರೆ ತಾನು ತೆಗೆದುಕೊಳ್ಳುವುದು ಆ ಕೋಣೆಯ ವಾಡಿಕೆ; ಇದೂ ಹಾಗೇ.

ಹೀಗಿರುವಾಗ ಕೆಳಗಿನ ಕೋಣೆಗೆ ದೊಡ್ಡ ದೊಡ್ಡ ಪೆಟ್ಟಿಗೆಗಳು ಬಂದು ಇಳಿದವು. ಇನ್ನು ಜನ ತಾವೇ ನಂಬರು ತಿರುಗಿಸಿದರೆ ಸಾಕು, ಮಿಕ್ಕದ್ದನ್ನು ಯಂತ್ರ ನೋಡಿಕೊಳ್ಳುತ್ತದೆ ಎಂದರು. ಮಹಡಿಯ ಬೋರ್ಡುಗಳನ್ನು ತೆಗೆಯುತ್ತಾರೆ. ಕಂಪ್ಯೂಟರ್ ಕಲಿತು ಪರೀಕ್ಷೆ ಪಾಸಾದವರಿಗೆ ಕೆಳಗಡೆ ಗ್ರಾಹಕರ ಕೌಂಟರಿನಲ್ಲಿ ಕೆಲಸ. ಆಗದವರು ಮರ್ಯಾದೆಯಿಂದ ಮನೆಗೆ. ಮರ್ಯಾದೆಯಿಂದ ಎಂಬ ಮಾತನ್ನು ಅಧಿಕಾರಿ ಎರಡು ಸಲ ಹೇಳಿದರು. ಎರಡು ಸಲ ಹೇಳಿದಾಗಲೇ ಎಲ್ಲರಿಗೂ ಅನುಮಾನ ಬಂದದ್ದು.

ಫೋನಕ್ಕ ಹೆದರಿದಳು. ಗಂಡನ ಹೊಲಿಗೆಯಂತ್ರ ಓಡುತ್ತಿತ್ತು, ಊಟಕ್ಕೇನೂ ತೊಂದರೆ ಇರಲಿಲ್ಲ. ಅವಳ ಭಯ ಬೇರೆ. ಲೋಕದಲ್ಲಿ ಅವಳು ಸರಾಗವಾಗಿ ಮಾತಾಡುತ್ತಿದ್ದದ್ದು ಅದೊಂದೇ ಕುರ್ಚಿಯಲ್ಲಿ. ಅದೂ ಹೋಗಿ ಮನೆಯಲ್ಲಿ ಕೂತರೆ, ನಾಲ್ಕು ವರ್ಷದಲ್ಲಿ ತಾನು ಪೂರ್ತಿ ಮೂಕಿಯಾಗುತ್ತೇನೆ ಎಂದು ಅವಳಿಗೆ ಖಚಿತವಾಗಿತ್ತು. ಇತ್ತ ಕೌಂಟರೆಂದರೆ ಬೆಳಗಿನಿಂದ ಸಂಜೆಯವರೆಗೆ ಬರೀ ಮುಖಗಳು. ಅತ್ತ ದರಿ, ಇತ್ತ ಪುಲಿ.

ತರಬೇತಿ ಶುರುವಾಯಿತು. ಕಲಿಸಲು ಬಂದ ಮೇಡಂ ಇವರಿಗಿಂತ ಬಹಳ ಚಿಕ್ಕವಳು, ಆದರೆ ತಾಳ್ಮೆಯವಳು. ಫೋನಕ್ಕನ ಬೆರಳುಗಳಿಗೆ ಕೀಲಿಮಣೆ ವಾರದೊಳಗೆ ಒಗ್ಗಿತು. ಅಷ್ಟು ವರ್ಷ ನೋಡದೆಯೇ ತೂತು ಹುಡುಕಿದ ಬೆರಳುಗಳಲ್ಲವೇ? ರೇಡಿಯೋಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಮಾತಾಡಿದರೆ ಕೈ ನಿಲ್ಲುವುದು, ಕೈ ಆಡಿದರೆ ಬಾಯಿ ನಿಲ್ಲಿಸಬೇಕು, ಅದಂತೂ ಸಾಧ್ಯವೇ ಇಲ್ಲ. ಒಮ್ಮೆ ಪರದೆಯ ಮೇಲಿದ್ದದ್ದೆಲ್ಲ ಮಾಯವಾದಾಗ, "ಲೈನ್ ಕಟ್ ಆಯ್ತು ಮೇಡಂ" ಎಂದು ಕೂಗಿದಳು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಇಬ್ಬರನ್ನೂ ಕಲಸಿ ಒಬ್ಬಳನ್ನು ಮಾಡಿದ್ದರೆ ಆ ಇಲಾಖೆಗೆ ಅಂಥ ಕೌಂಟರ್ ಗುಮಾಸ್ತೆ ಇನ್ನೊಬ್ಬಳು ಸಿಗುತ್ತಿರಲಿಲ್ಲ.

ಒಂದು ದಿನ ಮೇಡಂ ಮೇಜಿನ ಆಚೆ ನಿಂತು, ತಾನೇ ಸಿಟ್ಟಿನ ಗ್ರಾಹಕಿಯಾದಳು. ಫೋನ್ ಸತ್ತಿದೆ, ಹೇಳಿದರೂ ಯಾರೂ ಬಂದಿಲ್ಲ, ನಿಮಗೆಲ್ಲ ಜವಾಬ್ದಾರಿ ಇಲ್ಲ ಎಂದು ಒಂದೇ ಸಮನೆ ಬೈಯತೊಡಗಿದಳು. ಆ ಕಣ್ಣು, ಆ ಹುಬ್ಬು ನೋಡಿ ಫೋನಕ್ಕನ ನಾಲಿಗೆ ಹಿಂದಕ್ಕೆ ಸರಿಯಿತು. ಬೈಗುಳ ನಿಲ್ಲುವ ಹಾಗೆ ಕಾಣಲಿಲ್ಲ. ಕೊನೆಗೆ ಅವಳ ಬಾಯಿಂದ ತಾನಾಗಿ, ಸ್ಪಷ್ಟವಾಗಿ ಬಂದ ಮಾತು ಇದು: "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮೇಡಂ ಕೂಡ ಕುರ್ಚಿ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಇನ್ನೊಂದು ಸಲ ಮಾಡೋಣ" ಎಂದಳು. ಈ ಸಲ ಫೋನಕ್ಕ ಬಾಯಿ ತೆರೆದಳು, ಶಬ್ದ ಸಿಕ್ಕಿಕೊಂಡಿತು, ಹಿಂದಿನ ಬೆಂಚಿನಿಂದ ರೇಡಿಯೋ ಎದ್ದು ಪಟಪಟನೆ ಉತ್ತರ ಕೊಟ್ಟಳು. ಒಳ್ಳೆಯ ಉತ್ತರವೇ.

"ಸರಿಯಾಗಿದೆ ಅಮ್ಮಾ," ಅಂದಳು ಮೇಡಂ, ದನಿ ತಗ್ಗಿಸಿ. "ಆದ್ರೆ ಕೌಂಟರಲ್ಲಿ ಇವರ ಪಕ್ಕ ನೀವು ಇರಲ್ಲವಲ್ಲ."

ಅಲ್ಲಿಯವರೆಗೆ ಆ ಮಾತನ್ನು ಇಬ್ಬರಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಅಂದಿನಿಂದ ಫೋನಕ್ಕನ ಅಡುಗೆಮನೆಯೇ ಕೌಂಟರ್ ಆಯಿತು. ಗಂಡ ಗ್ರಾಹಕನಾಗಿ ನಿಂತ. ಆದರೆ ಅವನು ಬೈಯಲಾರ, ಬೈಯಲು ಹೋದರೆ ನಗು ಬರುತ್ತಿತ್ತು. ಆಗ ಅತ್ತೆ, "ಸರಿ, ನಾನು ನಿಲ್ತೀನಿ" ಎಂದು ಮುಂದೆ ಬಂದರು. ಅತ್ತೆಗೆ ಗ್ರಾಹಕಿಯ ಪಾತ್ರ ಸಿಕ್ಕಿದ್ದೇ ತಡ, ಸೊಸೆ ಬಂದ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ದೂರುಗಳೆಲ್ಲ ಟೆಲಿಫೋನಿನ ನೆಪದಲ್ಲಿ ಹೊರಬಂದವು. "ನಿಮ್ಮ ಫೋನೂ ಸರಿಯಿಲ್ಲ, ನಿಮ್ಮ ಚಹಾನೂ ಸರಿಯಿಲ್ಲ!" ಫೋನಕ್ಕನಿಗೆ ಸಿಟ್ಟು ಬಂತು, ಸಿಟ್ಟಿನಲ್ಲಿ ಮಾತು ಇನ್ನೂ ಬಿಗಿಯಾಯಿತು. ಬಾಯಿ ಮುಚ್ಚಿ, ಉಸಿರೆಳೆದು, ಲೈನು ಸಿಗದೆ ತಡಕಾಡುವಾಗ ಬೋರ್ಡಿನಲ್ಲಿ ಹೇಳುತ್ತಿದ್ದಂತೆ, "ಸ್ವಲ್ಪ ಇರಿ" ಅಂದಳು.

"ಇರ್ತೀನಮ್ಮಾ," ಅಂದರು ಅತ್ತೆ, ಮಣೆ ಎಳೆದುಕೊಂಡು ಕೂರುತ್ತ. "ನನಗೇನು ಬಸ್ಸು ತಪ್ಪಿಹೋಗುತ್ತಾ? ನಿಧಾನಕ್ಕೆ ಹೇಳು."

ಅತ್ತೆ ನಿಜವಾಗಿಯೂ ಕಾದರು. ಊಹಿಸಲಿಲ್ಲ, ಪೂರೈಸಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ. ಮಾತು ತೆವಳಿಕೊಂಡು ಬಂತು, ಆದರೆ ಇಡಿಯಾಗಿ ಬಂತು. ಫೋನಕ್ಕನ ಕಣ್ಣು ತುಂಬಿತು. ಅಷ್ಟು ವರ್ಷ ಎಲ್ಲರೂ ಪ್ರೀತಿಯಿಂದಲೇ ಅವಳ ಮಾತನ್ನು ತಾವು ಮುಗಿಸಿದ್ದರು; ಕಾದವರು ಯಾರೂ ಇರಲಿಲ್ಲ.

ಪರೀಕ್ಷೆಯಲ್ಲಿ ಅವಳು ಉಗ್ಗಿದಳು, ಸ್ವಲ್ಪ ಇರಿ ಅಂದಳು, ಮತ್ತೆ ಹೇಳಿದಳು, ಪಾಸಾದಳು. ರೇಡಿಯೋ ಅರ್ಧದಲ್ಲೇ ಎದ್ದು ಬಂದಳು. "ಹೋಗಲಿ ಬಿಡೇ, ಈ ವಯಸ್ಸಲ್ಲಿ ಆ ಪೆಟ್ಟಿಗೆ ಮುಂದೆ ಯಾರು ಕೂರ್ತಾರೆ" ಎಂದು ನಕ್ಕಳು. ಆ ನಗುವನ್ನು ಫೋನಕ್ಕ ನಂಬಿದಳು. ನಂಬುವುದು ಸುಲಭವಾಗಿತ್ತು.

ಬೋರ್ಡುಗಳ ಕೊನೆಯ ದಿನ ಯಾರೂ ಭಾಷಣ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೀಪಗಳು ಒಂದೊಂದಾಗಿ ಹತ್ತುವುದನ್ನು ನಿಲ್ಲಿಸಿದವು. ಹೆಂಗಸರು ವೈರುಗಳನ್ನು ಒರೆಸಿ ಅವುಗಳ ಜಾಗದಲ್ಲಿಟ್ಟರು. ನಾಳೆ ಗುಜರಿಗೆ ಹೋಗುವ ವಸ್ತು ಎಂದು ಗೊತ್ತಿದ್ದೂ ಒರೆಸಿದರು. ಕೆಲವರು ಬಿಕ್ಕಿದರು. ರೇಡಿಯೋ ತನ್ನ ಕುರ್ಚಿಯನ್ನು ಪೂರ್ತಿ ಕೆಳಗಿಳಿಸಿ, "ಮುಂದೆ ಬರೋಳು ಕುಳ್ಳಿ ಇರಬಹುದು" ಅಂದಳು. ಮುಂದೆ ಯಾರೂ ಬರುವವರಿರಲಿಲ್ಲ.

ಕೌಂಟರಿನಲ್ಲಿ ಫೋನಕ್ಕ ನೆಲೆಯೂರಿದಳು. ಗಾಜಿನ ಗೋಡೆ, ಮಾತಾಡಲು ಅದರಲ್ಲೊಂದು ದುಂಡನೆಯ ತೂತು, ಆಚೆ ಸಾಲು. ಕೆಲವರು ಗೊಣಗುತ್ತಿದ್ದರು, ಹೆಚ್ಚಿನವರು ಕಾಯುತ್ತಿದ್ದರು. ಮುಖ ಅಂದರೆ ಹೆದರುತ್ತಿದ್ದವಳಿಗೆ ಮುಖ ಓದುವುದು ಬಂತು. ಯಾರು ನಿಜವಾಗಿ ಸಿಟ್ಟಾಗಿದ್ದಾರೆ, ಯಾರು ಬರೀ ದಣಿದಿದ್ದಾರೆ ಎಂದು ಮಾತಿಗೆ ಮುಂಚೆಯೇ ತಿಳಿಯುತ್ತಿತ್ತು. ಮಹಡಿಯ ಕೋಣೆ ಕನಸಿನಲ್ಲಿ ಬರುತ್ತಿತ್ತು, ಬಂದಾಗ ಏಳಲು ಮನಸ್ಸಾಗುತ್ತಿರಲಿಲ್ಲ. ರೇಡಿಯೋಳನ್ನು ನೋಡಿ ಬರಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುವಳು. ಬಟ್ಟೆ ಒಗೆಯುವುದರಲ್ಲಿ ಭಾನುವಾರ ಮುಗಿಯುತ್ತಿತ್ತು.

ರೇಡಿಯೋ ತಾನೇ ಬಂದಳು, ಬಹಳ ತಿಂಗಳ ಮೇಲೆ, ಸಾಲಿನಲ್ಲಿ ನಿಂತು. ಅವಳ ಮುಂದೆ ಛತ್ರಿ ಹಿಡಿದ ಒಬ್ಬ ಮನುಷ್ಯ ತನ್ನ ಸತ್ತ ಫೋನಿನ ಬಗ್ಗೆ ಕೂಗಾಡುತ್ತಿದ್ದ. ಫೋನಕ್ಕ ಉತ್ತರಿಸಲು ಹೋಗಿ ಒಂದು ಶಬ್ದದಲ್ಲಿ ಸಿಕ್ಕಿಕೊಂಡಳು. ಎಂದಿನಂತೆ ಉಸಿರೆಳೆದುಕೊಂಡಳು. ಅಷ್ಟರಲ್ಲಿ ರೇಡಿಯೋ ಅವನ ಪಕ್ಕಕ್ಕೆ ನುಗ್ಗಿ ಬಂದಳು.

"ತಡ್ಕೊಳ್ರೀ ಸ್ವಲ್ಪ! ಅವಳಿಗೆ ಮಾತು ನಿಧಾನ. ಏನಂತ ನಾನು ಹೇಳ್ತೀನಿ ಕೇಳಿ—"

"ಬೇಡ ಕಣೇ," ಅಂದಳು ಫೋನಕ್ಕ, ಕೈ ಎತ್ತಿ. "ನಾ... ನಾನೇ ಹೇಳ್ತೀನಿ."

ಹೇಳಿದಳು ಕೂಡ. ಕೆಲಸದವರು ನಾಳೆ ಮಧ್ಯಾಹ್ನದೊಳಗೆ ಬರುತ್ತಾರೆ, ಬರದಿದ್ದರೆ ನೇರ ನನ್ನ ಹತ್ತಿರ ಬನ್ನಿ ಎಂದು, ಪದಕ್ಕೆ ಪದ ಜೋಡಿಸಿ. ಮನುಷ್ಯ ತಣ್ಣಗಾಗಿ ಹೋದ. ರೇಡಿಯೋ ಗಾಜಿನ ಮುಂದೆ ಬಂದು ನಿಂತಳು.

"ಚೆನ್ನಾಗಿ ಮಾತಾಡ್ತೀಯಲ್ಲೇ ಈಗ."

"ಹೂಂ. ನೀನೇನು ಬಂದೆ? ಎಲ್ಲಾ ಆರಾಮಾ?"

"ಏನಿಲ್ಲ ಕಣೇ. ಮನೇಲಿ ಅಣ್ಣ ಅತ್ತಿಗೆ ಟಿವಿ ನೋಡ್ತಾರೆ, ನಾನು ಬಾಯಿ ಬಿಟ್ರೆ ಶ್ ಅಂತಾರೆ. ಸುಮ್ನೆ ಈ ಕಡೆ ಬಂದಿದ್ದೆ, ನಿನಗೆ ಕಷ್ಟ ಆಗ್ತಿದೆಯೇನೋ ನೋಡೋಣ ಅಂತ."

ಮುಖ ಓದುವ ವಿದ್ಯೆ ಯಾಕಾದರೂ ಬಂತೋ ಎಂದು ಫೋನಕ್ಕನಿಗೆ ಆಗ ಅನ್ನಿಸಿತು. ಬೋರ್ಡು ಹೋದ ದಿನ ರೇಡಿಯೋ ಕಳೆದುಕೊಂಡದ್ದು ಒಂದು ಕೆಲಸ. ಅವಳಿಗೆ ಇನ್ನೊಂದು ಕೆಲಸ ಇತ್ತು, ಸಂಬಳವಿಲ್ಲದ್ದು, ಹರೆಯದಿಂದ ಮಾಡಿಕೊಂಡು ಬಂದದ್ದು. ಅದಿನ್ನೂ ಇದೆ ಎಂದುಕೊಂಡು ಬಸ್ಸು ಹತ್ತಿ ಬಂದಿದ್ದಳು. ಅದನ್ನು ಈಗ ಫೋನಕ್ಕನೇ, ಇಷ್ಟು ಜನರ ಮುಂದೆ, ಕಿತ್ತುಕೊಂಡಿದ್ದಳು.

ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಮುಂದೆ ಬಗ್ಗಿ, ಮಗಳ ಮನೆಗೆ ಫೋನ್ ಹಾಕಿಸಬೇಕು, ಏನೇನು ತರಬೇಕು ಎಂದು ಕೇಳಿದಳು. ಫೋನಕ್ಕ ಬಾಯಿ ತೆರೆದಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಒಂದು ಅಕ್ಷರವೂ ಎಲ್ಲೂ ತಡೆಯುವ ಹಾಗಿರಲಿಲ್ಲ. ಅವಳು ಬಾಯಿ ಮುಚ್ಚಿದಳು. ಗಂಟಲು ಮುಟ್ಟಿಕೊಂಡು ಗೆಳತಿಯ ಕಡೆ ನೋಡಿದಳು.

"ಬರ್ತಾ ಇಲ್ಲ ಕಣೇ. ಸ್ವಲ್ಪ ನೀನೇ ಹೇಳು."

ರೇಡಿಯೋ ಅವಳನ್ನೇ ದಿಟ್ಟಿಸಿದಳು. ನಂಬಿದಳೋ ಬಿಟ್ಟಳೋ, ದೇವರೇ ಬಲ್ಲ. ಆಮೇಲೆ ಮುದುಕಿಯ ಭುಜದ ಮೇಲೆ ಕೈಯಿಟ್ಟು, "ನೋಡಿ ಅಮ್ಮಾ, ಏನೂ ಗಾಬರಿ ಬೇಡ, ಮೊದಲು ಏನು ಮಾಡಬೇಕು ಅಂದ್ರೆ..." ಎಂದು ಶುರು ಮಾಡಿದಳು. ಸಾಲಿನ ಕೊನೆಯವರೆಗೂ ಕೇಳುವಷ್ಟು ದೊಡ್ಡ ದನಿ. ಗಾಜಿನ ಈಚೆ ಫೋನಕ್ಕ ಬಾಯಿ ಬಿಗಿಹಿಡಿದು, ತಲೆಯಾಡಿಸುತ್ತ ಕೂತಳು.